ಐದು ಪಂಚಾಯತ್ ಸೇರಿ ಒಂದೇ ಒಣಕಸದ ಘಟಕ ಮಾಡ್ಕೋಬಹುದಾ? ಮಾಡಿರೋರು ಯಾರಾದ್ರೂ ಇದ್ರೆ ಹೇಳಿ

ತುಂಗಾ ತೀರದ ಸದಸ್ಯೆ

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲೂಕಿನ ಒಂದು ಗ್ರಾಮ ಪಂಚಾಯತಿ ಸದಸ್ಯೆ. 2020ರ ಡಿಸೆಂಬರ್ ಚುನಾವಣೇಲಿ ಮೊದಲನೇ ಸಲ ಗೆದ್ದು ಬಂದೋಳು, ಈಗ 2025ರ ಕೊನೆ, ಅವಧಿ ಮುಗಿಯೋಕೆ ಕೆಲವೇ ತಿಂಗಳು ಉಳಿದಿದೆ, ಅಷ್ಟರೊಳಗೆ ಒಂದು ಕೆಲಸ ದಡ ಮುಟ್ಟಿಸ್ಬೇಕು ಅಂತ ಇದೀನಿ.

ವಿಷಯ ಏನಂದ್ರೆ ನಮ್ಮ ರಸ್ತೆ ಉದ್ದಕ್ಕೆ ಐದು ಪಂಚಾಯತಿ ಇದಾವೆ. ಐದರಲ್ಲೂ ಸ್ವಚ್ಛ ಸಂಕೀರ್ಣ ಅಂದ್ರೆ ಕಸ ವಿಂಗಡಿಸಿ ಇಡೋ ಕಟ್ಟಡ ಆಗಿದೆ, ಐದಕ್ಕೂ ಒಂದೊಂದು ಗಾಡಿ ಬಂದಿದೆ. ನಮ್ಮ ಗಾಡಿ ವಾರಕ್ಕೆ ಎರಡು ದಿನ ಓಡುತ್ತೆ, ಉಳಿದ ದಿನ ಶೆಡ್ಡಲ್ಲಿ ನಿಂತಿರುತ್ತೆ. ಹಸಿಕಸದ ತೊಂದ್ರೆ ನಮಗಿಲ್ಲ, ಎಲ್ರ ಮನೇಲೂ ತೋಟ ಇದೆ ಗೊಬ್ಬರಗುಂಡಿ ಇದೆ, ತೊಂದ್ರೆ ಇರೋದು ಒಣಕಸದ್ದು. ಗುಜರಿಯವ್ರು ಬಂದ್ರೆ ಬಾಟ್ಲಿ, ರಟ್ಟು, ಕಬ್ಬಿಣ ಇಷ್ಟನ್ನೇ ಆರಿಸ್ಕೊಂಡು ಹೋಗ್ತಾರೆ. ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಸ್ಯಾಷೆ, ಹಳೇ ಚಪ್ಪಲಿ, ಹರಿದ ಟಾರ್ಪಲ್, ಅಡಿಕೆಗೆ ಹೊಡೆಯೋ ಔಷಧಿ ಡಬ್ಬ, ಇವನ್ನೆಲ್ಲ ಯಾರೂ ಮುಟ್ಟಲ್ಲ. ಎರಡು ಮಳೆಗಾಲದಿಂದ ಕಟ್ಟಡದ ಒಳಗೆ ಚೀಲ ಛಾವಣಿ ಮುಟ್ಟೋ ಹಂಗೆ ಕೂತಿದೆ, ಇಲಿ ಸೇರ್ಕೊಂಡಿದೆ, ಹೋದ ಆಷಾಢದಲ್ಲಿ ನೀರು ನುಗ್ಗಿ ಅರ್ಧ ಕೊಳೆತೇ ಹೋಯ್ತು. ಪಕ್ಕದ ನಾಲ್ಕೂ ಪಂಚಾಯತಿ ಕತೇನೂ ಇದೇ.

ನಾನು ಹೇಳ್ತಿರೋದು ಇಷ್ಟೇ: ಐದು ಕಡೆ ಐದು ಗೋಡೌನ್ ತುಂಬಿಸಿಟ್ಕೊಂಡು ಕೂರೋ ಬದ್ಲು, ಮನೆಮನೆಯಿಂದ ಎತ್ತೋದನ್ನ ಅವರವರೇ ಮಾಡಿ, ವಿಂಗಡಿಸೋದು ಒತ್ತಿ ಕಟ್ಟೋದು ಸಾಗಿಸೋದು ಒಂದೇ ಕಡೆ ಮಾಡೋಣ ಅಂತ. ಮೀಟಿಂಗಲ್ಲಿ ಹೇಳಿದ್ರೆ ಅಧ್ಯಕ್ಷರು "ಬೇರೆ ಪಂಚಾಯತಿ ಕಸಕ್ಕೆ ನಮ್ಮ ದುಡ್ಡು ಹಾಕಿದ್ರೆ ಆಡಿಟಲ್ಲಿ ಸಿಕ್ಕಾಕ್ಕೊಳ್ತೀವಿ" ಅಂತಾರೆ, ಘಟಕ ಮಾಡೋಣ ಅಂದಿರೋ ಊರಿನವ್ರು "ನಾಲ್ಕೂರ ಕಸ ನಮ್ಮೂರಿಗೆ ಯಾಕೆ" ಅಂತಾರೆ. ಎರಡೂ ಮಾತು ತಪ್ಪಲ್ಲ, ಆದ್ರೆ ಉತ್ತರ ನನ್ನ ಹತ್ರ ಇಲ್ಲ. ಗೊತ್ತಿರೋರು ದಯವಿಟ್ಟು ಬರೀರಿ.

ಕಾರ್ಕಳ ಕಡೆಯವ

ಅಕ್ಕಾ, ನೀವು ಒಂದ್ಸಲ ಆಗುಂಬೆ ಘಾಟಿ ಇಳಿದು ನಮ್ಮ ನಿಟ್ಟೆಗೆ ಬನ್ನಿ. ನೀವು ಕೇಳ್ತಾ ಇರುದು ನಮ್ಮಲ್ಲಿ ಆಗಿ ಉಂಟು. ನಿಟ್ಟೆ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಎಂಆರ್‌ಎಫ್ ಅಂದ್ರೆ ಒಣಕಸ ವಿಂಗಡಿಸುವ ಘಟಕ, ದಿನಕ್ಕೆ 10 ಟನ್ ಒಣಕಸ ಹಿಡಿಯುವ ಸಾಮರ್ಥ್ಯ, 2021ರಿಂದ ನಡೀತಾ ಉಂಟು. ಸುತ್ತಿನ ನಲವತ್ತರಷ್ಟು ಪಂಚಾಯತ್‌ಗಳ ಒಣಕಸ ಅಲ್ಲಿಗೇ ಬರುದು. ಸರಕಾರ ಮೊದಲಿಗೆ ನಾಲ್ಕು ಜಿಲ್ಲೆಯಲ್ಲಿ ಇದನ್ನು ಪ್ರಯೋಗಕ್ಕೆ ತಗೊಂಡದ್ದು, ಉಡುಪಿಯದ್ದು ನಿಟ್ಟೆಯಲ್ಲಿ, ದಕ್ಷಿಣ ಕನ್ನಡದ್ದು ತೆಂಕ ಎಡಪದವಿನಲ್ಲಿ, ಮತ್ತೆ ಬಳ್ಳಾರಿ, ರಾಮನಗರ.

ನಾನು ಎರಡು ಸಲ ಒಳಗೆ ಹೋಗಿ ನೋಡಿದ್ದೇನೆ. ಲಾರಿ ಬಂದ ಕೂಡಲೇ ಮೊದಲು ತೂಕ, ಆಮೇಲೆ ಚೀಲ ಬಿಚ್ಚಿ ಬೆಲ್ಟಿನ ಮೇಲೆ ಸುರಿಯುದು, ಎರಡೂ ಬದಿ ಹೆಂಗಸರು ನಿಂತು ಕೈಯಲ್ಲಿ ಆರಿಸುದು. ಹಾಲಿನ ತೊಟ್ಟೆ ಅಂದ್ರೆ ಪ್ಲಾಸ್ಟಿಕ್ ಕವರು ಬೇರೆ, ಎಣ್ಣೆ ತೊಟ್ಟೆ ಬೇರೆ, ಬಣ್ಣದ ಬಾಟ್ಲಿ ಬೇರೆ, ಬಿಳಿ ಬಾಟ್ಲಿ ಬೇರೆ, ಹಾಗೆ ಬಗೆಬಗೆ ಆಗಿ ಹೋಗ್ತದೆ. ಆಮೇಲೆ ಬೇಲಿಂಗ್ ಮಿಷಿನಲ್ಲಿ ಒತ್ತಿ ಕಟ್ಟು ಮಾಡುದು. ನಿಮ್ಮ ಗುಜರಿಯವರು ಮುಟ್ಟದ ಆ ಚಿಪ್ಸ್ ಪ್ಯಾಕೆಟ್ಟು ಉಂಟಲ್ಲ, ಅದೂ ಇಲ್ಲಿ ಕಟ್ಟಾಗಿ ಸಿಮೆಂಟ್ ಫ್ಯಾಕ್ಟರಿಯ ಗೂಡಿಗೆ ಹೋಗ್ತದೆ. ಅದನ್ನು ಒಂದು ಪಂಚಾಯತ್ ಒಬ್ಬನೇ ಕಳಿಸ್ಲಿಕ್ಕೆ ಆಗುದೇ ಇಲ್ಲ, ಯಾಕಂದ್ರೆ ಲೋಡ್ ತುಂಬದೆ ಲಾರಿ ಹೊರಡುದಿಲ್ಲ, ಒಂದು ಊರಿನ ತೊಟ್ಟೆಯಲ್ಲಿ ಲೋಡ್ ತುಂಬ್ಲಿಕ್ಕೆ ವರ್ಷ ಬೇಕು. ಒಟ್ಟು ಸೇರಿದ್ರೆ ಮಾತ್ರ ಅದಕ್ಕೊಂದು ದಾರಿ.

ಮುಖ್ಯ ಇನ್ನೊಂದು, ಹಸಿಕಸ ಅಲ್ಲಿಗೆ ಬರುದೇ ಇಲ್ಲ. ಹಾಗಾಗಿ ವಾಸನೆ ಇಲ್ಲ, ಕಾಗೆ ನಾಯಿ ಇಲ್ಲ. ಘಟಕ ಮಾಡುವ ಊರಿನವರನ್ನು ಒಂದು ಜೀಪಿನಲ್ಲಿ ಕೂರಿಸಿ ಕರ್ಕೊಂಡು ಬಂದು ತೋರಿಸಿ. ನೂರು ಮೀಟಿಂಗ್ ಮಾಡುವ ಬದಲು ಅದೊಂದು ಸಾಕು.

ವಂಡ್ಸೆ ಪಂಚಾಯತ್‌ನ ಎಸ್‌ಎಲ್‌ಆರ್‌ಎಂ ಅಂದ್ರೆ ಘನ ದ್ರವ ತ್ಯಾಜ್ಯ ನಿರ್ವಹಣೆಯ ಘಟಕ ಕೂಡ ನೋಡಿ, ಕುಂದಾಪುರದ ಹತ್ತಿರ. ಅದು ಒಂದೇ ಪಂಚಾಯತ್ ಗಟ್ಟಿ ಮನಸ್ಸು ಮಾಡಿ ಮಾಡಿದ್ದು. ಎರಡೂ ನೋಡಿದ್ರೆ ಯಾವ ಕೆಲಸ ಒಬ್ಬರೇ ಮಾಡ್ಬಹುದು, ಯಾವುದಕ್ಕೆ ಜತೆ ಬೇಕು ಅಂತ ನಿಮಗೇ ಗೊತ್ತಾಗ್ತದೆ.

ಹೊಸನಗರ ಹುಡುಗ

ಸರ್ ಒಂದು ಡೌಟು. ನಿಟ್ಟೆ ಕಡೆ ಮನೆಗಳು ಹತ್ರಹತ್ರ, ರಸ್ತೆನೂ ಚೆನ್ನಾಗಿದೆ. ನಮ್ಮಲ್ಲಿ ಒಂಟಿಮನೆಗಳೇ ಜಾಸ್ತಿ, ಮೂರು ಕಿಲೋಮೀಟರ್ ಮಣ್ಣುರಸ್ತೆ ಹೋದ್ರೆ ಎರಡು ಮನೆ. ಡೀಸೆಲ್ ಖರ್ಚು ತೆಗೆದ್ರೆ ಇದು ಲೆಕ್ಕಕ್ಕೆ ಕೂರುತ್ತಾ?

ಕಾರ್ಕಳ ಕಡೆಯವ

ಹೆಬ್ರಿ ಕಡೆ ಬಂದು ನೋಡಿ ತಮ್ಮ, ಅಲ್ಲಿಯೂ ಕಾಡೇ, ಒಂಟಿಮನೆಯೇ. ಒಣಕಸ ಕೊಳೆಯುವಂಥದ್ದಲ್ಲ, ಮನೆಯಲ್ಲಿ ಚೀಲದಲ್ಲಿ ಹದಿನೈದು ದಿನ ಇಟ್ರೂ ಏನಾಗುದಿಲ್ಲ. ಒಳಗಿನ ಮನೆಗೆ ದಿನಾ ಹೋಗುದು ಬೇಡ, ಮಣ್ಣುರಸ್ತೆ ಡಾಮರು ರಸ್ತೆಗೆ ಸೇರುವಲ್ಲಿ ಒಂದು ಜಾಗ ಗುರುತು ಮಾಡಿ, ತಾರೀಖು ಹೇಳಿ, ಆ ತಾರೀಖಿಗೆ ತಪ್ಪದೆ ಹೋಗಿ. ಒಂದು ತಾರೀಖು ತಪ್ಪಿತು ಅಂದ್ರೆ ಜನ ಮತ್ತೆ ಬಚ್ಚಲ ಒಲೆಗೆ ಹಾಕ್ಲಿಕ್ಕೆ ಶುರು ಮಾಡ್ತಾರೆ.

ನಿವೃತ್ತ ಪಿಡಿಒ, ಹಾಸನ

ಮೇಡಂ, ನಿಮ್ಮ ಅಧ್ಯಕ್ಷರ ಆಡಿಟ್ ಭಯದ ಬಗ್ಗೆ ಬರೀತೀನಿ, ಇಪ್ಪತ್ತೆರಡು ವರ್ಷ ಪಂಚಾಯ್ತಿ ಕಡತ ನೋಡಿದೋನು ನಾನು. ಕಾರ್ಯದರ್ಶಿ ಆಗಿ ಸೇರಿ ಪಿಡಿಒ ಆಗಿ ಹೊರಗೆ ಬಂದೆ.

ಆಡಿಟ್‌ನವರು ಕೇಳೋದು ಮೂರೇ. ತೀರ್ಮಾನ ಎಲ್ಲಿ, ಒಪ್ಪಂದ ಎಲ್ಲಿ, ಆ ದುಡ್ಡಿಗೆ ನಿಮ್ಮ ಪಂಚಾಯ್ತಿ ಜನಕ್ಕೆ ಏನು ಸಿಕ್ತು. ಹಂಗಾಗಿ ಐದೂ ಪಂಚಾಯ್ತಿಲಿ ಸಾಮಾನ್ಯ ಸಭೆ ನಡಾವಳಿಲಿ ಒಂದೇ ಥರದ ಠರಾವು ಆಗ್ಬೇಕು, ಒಬ್ರು ಒಂಥರಾ ಇನ್ನೊಬ್ರು ಇನ್ನೊಂಥರಾ ಬರ್ಕೊಂಡ್ರೆ ಮುಂದೆ ಜಗಳ. ಠರಾವಿಗೆ ಮುಂಚೆ ಗ್ರಾಮಸಭೇಲಿ ಇಡಿ, ಜಿಪಿಡಿಪಿ ಅಂದ್ರೆ ನಿಮ್ಮ ಅಭಿವೃದ್ಧಿ ಯೋಜನೇಲಿ ಸೇರಿಸಿ, ಅದರಲ್ಲಿ ಇಲ್ಲದ ಖರ್ಚಿಗೆ ಆಕ್ಷೇಪಣೆ ಬಂದೇ ಬರುತ್ತೆ. ಆಮೇಲೆ ಐದೂ ಪಂಚಾಯ್ತಿ ಸಹಿ ಹಾಕಿರೋ ಒಡಂಬಡಿಕೆ, ತಾಲ್ಲೂಕು ಪಂಚಾಯ್ತಿ ಇಒ ಅವರ ಮೂಲಕ ಜಿಲ್ಲಾ ಪಂಚಾಯ್ತಿ ಸಿಇಒ ಅವರ ಒಪ್ಪಿಗೆ ಪತ್ರ. ಅಷ್ಟಿದ್ರೆ ಯಾರೂ ಏನೂ ಕೇಳಕ್ಕಾಗಲ್ಲ.

ದುಡ್ಡಿನ ಮೂಲ ಅಂದ್ರೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ. 2021ರಿಂದ 26ರವರೆಗಿನ ಅನುದಾನದಲ್ಲಿ ನೂರಕ್ಕೆ ಅರವತ್ತು ನಿರ್ಬಂಧಿತ, ಅದರಲ್ಲಿ ಅರ್ಧ ಕುಡಿಯೋ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನೈರ್ಮಲ್ಯದ ಭಾಗ ಕಸಕ್ಕೆ ಬಳಸ್ಬಹುದು. ಆದ್ರೆ 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ, ಅದರ ಷರತ್ತು ಓದದೇ ಮುಂದಿನ ವರ್ಷದ ಖರ್ಚು ಒಡಂಬಡಿಕೇಲಿ ಬರೀಬೇಡಿ.

ಒಡಂಬಡಿಕೇಲಿ ಜನ ಮರೆಯೋದು ಯಾವುದು ಅಂದ್ರೆ, ಪಾಲು ಕೊಡದೇ ಇದ್ರೆ ಏನು ಅನ್ನೋದು. ಶುರುವಲ್ಲಿ ಎಲ್ರೂ ಕೈ ಎತ್ತುತಾರೆ, ಎರಡನೇ ವರ್ಷ ಒಂದು ಪಂಚಾಯ್ತಿಲಿ ಪಿಡಿಒ ವರ್ಗ ಆಗಿ ಹೋಗ್ತಾನೆ, ಹೊಸಬ ಬಂದು "ಇದು ನನಗೆ ಗೊತ್ತಿಲ್ಲ" ಅಂತ ಬಿಲ್ ಇಟ್ಕೊಂಡು ಕೂರ್ತಾನೆ. ಘಟಕ ಇರೋ ಪಂಚಾಯ್ತಿ ತನ್ನ ಕೈಯಿಂದ ಸಂಬಳ ಕೊಟ್ಟೂ ಕೊಟ್ಟೂ ಸುಸ್ತಾಗಿ ಬಾಗಿಲು ಹಾಕುತ್ತೆ. ನನ್ನ ಕಣ್ಣ ಮುಂದೆ ಒಂದು ಕಡೆ ಹಿಂಗೇ ಆಗಿದೆ. ಅದಕ್ಕೆ ಮೂರು ತಿಂಗಳ ಪಾಲು ಮುಂಗಡವಾಗಿ ಪ್ರತ್ಯೇಕ ಖಾತೇಲಿ ಇರ್ಬೇಕು, ಅದು ಖಾಲಿ ಆಗೋಕೆ ಮುಂಚೆ ತುಂಬ್ಬೇಕು, ತುಂಬದೇ ಇದ್ರೆ ಇಂತಿಷ್ಟು ದಿನದ ಮೇಲೆ ಆ ಪಂಚಾಯ್ತಿ ಕಸ ತಗೊಳಲ್ಲ ಅಂತ ಮೊದ್ಲೇ ಬರ್ಕೊಳಿ. ಕಠಿಣ ಅನ್ಸುತ್ತೆ, ಆದ್ರೆ ಬರ್ಕೊಂಡಿದ್ರೆ ಸ್ನೇಹ ಉಳಿಯುತ್ತೆ.

ತುಂಗಭದ್ರಾ ಬಯಲು

ಎಲ್ಲಾರೂ ಛಲೋ ಛಲೋ ಹೇಳಾಕತ್ತೀರಿ, ನಾ ಒಂದೀಟು ಬ್ಯಾರೆ ಮಾತು ಹೇಳ್ತೀನ್ರಿ. ನಮ್ಮದು ಕೊಪ್ಪಳ ಜಿಲ್ಲಾ. ಹಂಚ್ಕೊಳ್ಳೂದು ಅಂದ್ರ ನಮಗ ನೆನಪಾಗೂದು ಬಹುಗ್ರಾಮ ಕುಡಿಯೂ ನೀರಿನ ಯೋಜನಾ. ನದ್ಯಾಗಿಂದ ನೀರು ಎತ್ತಿ, ಒಂದ ಕಡೆ ಶುದ್ಧ ಮಾಡಿ, ಪೈಪ್‌ಲೈನ್ ಮ್ಯಾಲೆ ಇಪ್ಪತ್ತು ಮೂವತ್ತು ಹಳ್ಳಿಗೆ ಕೊಡೂದು. ಕಾಗದದ ಮ್ಯಾಲೆ ಇದರಷ್ಟು ಚಂದ ಯಾವದೂ ಇಲ್ಲ. ಒಂದೊಂದು ಹಳ್ಳಿ ಫ್ಲೋರೈಡ್ ಬೋರು ಕುಡಿಯೂ ಬದ್ಲು ಹೊಳಿ ನೀರು ಬರತೈತಿ, ಒಂದು ಪಂಚಾಯತಿ ತನ್ನ ಕೈಲೆ ಅದನ್ನ ಎಂದೂ ಮಾಡಾಕ ಆಗೂದಿಲ್ಲ. ಅದು ಖರೇನ.

ಆದ್ರ ನಮ್ಮೂರು ಪೈಪಿನ ಕಟ್ಟಕಡಿಗೆ ಐತ್ರಿ. ಮುಂದಿನ ಊರಾವ್ರು ವಾಲ್ ತಿರುವಿ ತಮ್ಮ ಟ್ಯಾಂಕ್ ತುಂಬಿಸ್ಕೊಂತಾರ, ನಮಗ ಬರೂದ್ರಾಗ ಪ್ರೆಶರ್ ಇರಂಗಿಲ್ಲ. ಬ್ಯಾಸಿಗ್ಯಾಗ ಎಂಟೆಂಟು ದಿನ ನೀರಿಲ್ಲ. ನಮ್ಮ ಪಂಚಾಯತಿಗೆ ಹೋದ್ರ "ನಮ್ಮದು ಊರೊಳಗಿನ ನಳ ಅಷ್ಟ, ಮೇನ್ ಲೈನ್ ನಮ್ಮದಲ್ಲ" ಅಂತಾರ, ಮ್ಯಾಲಿನ ಕಚೇರಿಗೆ ಹೋದ್ರ "ನಿಮ್ಮ ಪಂಚಾಯತಿ ಕೇಳ್ರಿ" ಅಂತಾರ. ನಮ್ಮವ್ವ ಎಪ್ಪತ್ತು ದಾಟಿದಾಕಿ, ಇವತ್ತಿಗೂ ಕೊಡ ಹೊತ್ಕೊಂಡು ತೋಟದ ಬಾವಿಗೆ ಹೊಕ್ಕಾಳ. ಯಾರ ಮ್ಯಾಲೆ ಸಿಟ್ಟು ಮಾಡ್ಬೇಕು ಅನ್ನೂದ ನಮಗ ತಿಳಿಯಂಗಿಲ್ಲ.

ಅದಕ್ಕ ಅಕ್ಕಾರ, ನಿಮ್ಮ ಐದು ಪಂಚಾಯತಿ ಒಳಗ ಕಟ್ಟಕಡಿ ಊರು ಯಾವದು ಅಂತ ಮೊದ್ಲ ನೋಡ್ರಿ. ಗಾಡಿ ಕೆಟ್ಟಾಗ, ಡೀಸೆಲ್ ಇಲ್ಲದಾಗ, ಮಳಿ ಬಂದಾಗ ತಪ್ಪೂದು ಆ ಊರಿನ ಪಾಳೀನ. ಆ ಊರಾಕಿ ಒಬ್ಬಾಕಿ ಫೋನ್ ಮಾಡಿದ್ರ ಯಾರು ಎತ್ತಬೇಕು ಅನ್ನೂದು ಗಟ್ಟಿ ಆಗ್ಲಿ.

ತುಂಗಾ ತೀರದ ಸದಸ್ಯೆ

ಅಣ್ಣ, ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಲ್ಲಿ ಕಟ್ಟಕಡೆ ಊರು ಅಂದ್ರೆ ಹೊಳೆಯಾಚೆಗಿನ ಪಂಚಾಯತಿ, ಮಳೆಗಾಲದಲ್ಲಿ ಸೇತುವೆ ಮುಳುಗಿದ್ರೆ ಗಾಡಿ ಹೋಗೋದೇ ಇಲ್ಲ. ನಿಜ ಹೇಳ್ಬೇಕಂದ್ರೆ ನಾನು ಆ ಪಂಚಾಯತಿನ ಯೋಚನೆಗೇ ತಗೊಂಡಿರ್ಲಿಲ್ಲ, ಮನೆ ಕಮ್ಮಿ ಅಂತ. ಅಲ್ಲಿಂದಾನೇ ಶುರು ಮಾಡ್ಬೇಕು ಅಂತ ಈಗ ಅನ್ಸ್ತಿದೆ.

ಪಿಡಿಒ ಸರ್, ಪಾಲು ಹಾಕೋದು ಯಾವ ಲೆಕ್ಕದಲ್ಲಿ? ಐದೂ ಪಂಚಾಯತಿ ಸಮ ಅಂದ್ರೆ ಸಣ್ಣವ್ರಿಗೆ ಹೊರೆ. ಮನೆ ಲೆಕ್ಕನಾ, ತೂಕದ ಲೆಕ್ಕನಾ?

ಗಡಿನಾಡ ಕನ್ನಡಿಗ

ನಾನು ಕಾಸರಗೋಡಿನವ, ನಮ್ಮ ಕಡೆ ಹೇಗೆ ನಡೀತದೆ ಅಂತ ಹೇಳ್ತೇನೆ, ನಿಮ್ಮ ಪಾಲಿನ ಲೆಕ್ಕಕ್ಕೂ ಉಪಯೋಗ ಆದೀತು.

ಕೇರಳದಲ್ಲಿ ಪ್ರತಿ ಪಂಚಾಯತ್‌ನಲ್ಲೂ ಹರಿತ ಕರ್ಮ ಸೇನೆ ಅಂತ ಉಂಟು, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು, ಸಾಮಾನ್ಯವಾಗಿ ವಾರ್ಡಿಗೆ ಇಬ್ಬರು. ತಿಂಗಳಿಗೊಮ್ಮೆ ಮನೆಗೆ ಬರ್ತಾರೆ, ತೊಳೆದು ಒಣಗಿಸಿದ ಪ್ಲಾಸ್ಟಿಕ್ ತಗೊಳ್ತಾರೆ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ತಾರೆ, 50 ರೂಪಾಯಿಗೆ ರಶೀದಿ ಕೊಡ್ತಾರೆ. ಆ ದುಡ್ಡು ಕೊಡದೆ ಉಳಿಸಿಕೊಂಡ್ರೆ ಮನೆ ತೆರಿಗೆಯ ಬಾಕಿ ಜತೆ ಸೇರಿಸಿ ವಸೂಲಿ ಮಾಡುವ ಕಾನೂನು ಕೂಡ ಬಂದಿದೆ. ಅಲ್ಲಿಂದ ಪಂಚಾಯತ್‌ನ ಸಂಗ್ರಹ ಕೇಂದ್ರ, ಮತ್ತೆ ಕೆಲವು ಪಂಚಾಯತ್‌ಗಳಿಗೆ ಸೇರಿ ಬ್ಲಾಕ್ ಮಟ್ಟದಲ್ಲಿ ಒಂದು ಆರ್‌ಆರ್‌ಎಫ್ ಅಂದ್ರೆ ಮರುಬಳಕೆಗೆ ತಯಾರು ಮಾಡುವ ಕೇಂದ್ರ, ಅಲ್ಲಿಂದ ಸರಕಾರದ ಕ್ಲೀನ್ ಕೇರಳ ಕಂಪನಿಯ ಲಾರಿ. ಅಂದ್ರೆ ಮನೆ ಬಾಗಿಲಿನ ಕೆಲಸ ಊರಿನ ಹೆಂಗಸರದ್ದೇ, ಯಾರ ಮನೆಯಲ್ಲಿ ಯಾರಿದ್ದಾರೆ, ನಾಯಿ ಕಟ್ಟಿದೆಯೋ ಬಿಟ್ಟಿದೆಯೋ ಅಂತ ಗೊತ್ತಿರುವವರು. ಮೇಲಿನ ಭಾರದ ಕೆಲಸ ಮಾತ್ರ ಒಟ್ಟಿಗೆ.

ಆದ್ರೆ ಅದೇ ಕೇರಳದಲ್ಲಿ ಬ್ರಹ್ಮಪುರಂ ಕೂಡ ಆಯ್ತು, ಅದನ್ನು ಮರೀಬಾರ್ದು. ಕೊಚ್ಚಿಯ ಕಸದ ಯಾರ್ಡ್ ಅದು, ಕೊಚ್ಚಿ ಒಂದರದ್ದಲ್ಲ, ಸುತ್ತಿನ ನಗರಸಭೆಗಳ ಕಸವೂ ಅಲ್ಲಿಗೇ ಹೋಗ್ತಿತ್ತು. ವಿಂಗಡಿಸದೆ ಗುಡ್ಡೆ ಹಾಕಿ ಹಾಕಿ 2023ರ ಮಾರ್ಚ್‌ನಲ್ಲಿ ಬೆಂಕಿ ಹಿಡಿದು ಹತ್ತು ಹನ್ನೆರಡು ದಿನ ಉರೀತು, ಇಡೀ ಕೊಚ್ಚಿಗೆ ಹೊಗೆ, ಶಾಲೆಗೆ ರಜೆ. ಅದೂ ಜಂಟಿ ವ್ಯವಸ್ಥೆಯೇ ಆಗಿತ್ತಲ್ವಾ. ಎಲ್ಲರೂ ತಂದು ಸುರಿಯುವ ಜಾಗ ಒಂದು ಮಾಡಿದ್ರು, ತಂದದ್ದಕ್ಕೆ ಹೊಣೆ ಯಾರೂ ಹೊರಲಿಲ್ಲ. ನಿಮ್ಮ ಘಟಕದ ಗೇಟಿನಲ್ಲಿ ಹಸಿ ಸೇರಿದ ಚೀಲ ಬಂದ್ರೆ ಅದೇ ಗಾಡಿಯಲ್ಲಿ ವಾಪಸು ಕಳಿಸುವ ಅಧಿಕಾರ ಅಲ್ಲಿ ಕೆಲಸ ಮಾಡುವವರಿಗೆ ಇರಬೇಕು. ಅಧ್ಯಕ್ಷರದ್ದೇ ಪಂಚಾಯತ್‌ನ ಗಾಡಿ ಆದ್ರೂ ಸರಿ.

ವೈಟ್‌ಫೀಲ್ಡ್ ನಿವಾಸಿ

ಇದಕ್ಕೆ ಪೂರಕವಾಗಿ ಬೆಂಗಳೂರಿಂದ ಒಂದು ಮಾತು. ನಾಲ್ಕೂರ ಕಸ ನಮ್ಮೂರಿಗೆ ಯಾಕೆ ಅಂತ ಕೇಳೋ ಊರನ್ನ ಯಾರೂ ಹಗುರವಾಗಿ ತಗೋಬೇಡಿ. ಮಾವಳ್ಳಿಪುರ, ಮಂಡೂರು ಜನ ವರ್ಷಗಟ್ಟಲೆ ನಮ್ಮ ನಗರದ ಕಸದ ಪಕ್ಕ ಬದುಕಿದ್ರು, ಬಾವಿ ನೀರು ಕೆಡ್ತು, ಹೆಣ್ಣು ಕೊಡೋರೂ ಹಿಂದೆಮುಂದೆ ನೋಡೋ ಪರಿಸ್ಥಿತಿ ಬಂತು. 2012ರಲ್ಲಿ ಮಾವಳ್ಳಿಪುರ ನಿಂತಿದ್ದು, 2014ರ ಕೊನೇಲಿ ಮಂಡೂರು ನಿಂತಿದ್ದು, ಎರಡೂ ಆ ಊರವರು ರಸ್ತೆಗೆ ಇಳಿದ ಮೇಲೆ. ಅವರನ್ನ ಯಾರೂ ಮೊದ್ಲು ಕೇಳಿರ್ಲಿಲ್ಲ.

ಈಗ ನಮ್ಮಲ್ಲಿ ಸೆಪ್ಟೆಂಬರ್ 2025ರಿಂದ ಒಂದು ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಆದ್ರೆ ಕಸಕ್ಕೆ ಐದಕ್ಕೂ ಸೇರಿ ಒಂದೇ ಕಂಪನಿ, ನೀರು ಒಳಚರಂಡಿಗೆ ಮೊದ್ಲಿನಿಂದಾನೂ ಜಲಮಂಡಳಿ. ಗಡಿ ರಸ್ತೆಲಿ ಇರೋ ನಮ್ಮಂಥೋರಿಗೆ ದೂರು ಯಾರಿಗೆ ಹೇಳ್ಬೇಕು ಅನ್ನೋದೇ ಈಗ ದೊಡ್ಡ ಪ್ರಶ್ನೆ, ರಸ್ತೆ ಈ ಬದಿ ಒಂದು ಪಾಲಿಕೆ ಆ ಬದಿ ಇನ್ನೊಂದು. ಕೊಪ್ಪಳದ ಅಣ್ಣ ಹೇಳಿದ್ದು ನಗರದಲ್ಲೂ ಹಂಗೇ ಇದೆ.

ಸಾಧನಕೇರಿ

ಧಾರವಾಡದಿಂದ ಬರಿಲಿಕತ್ತೀನಿ. ಇಲ್ಲೆ ಒಂದು ವಿಷಯ ಬ್ಯಾರೆ ಮಾಡಿ ನೋಡ್ಬೇಕ್ರಿ. ಹಂಚ್ಕೊಳ್ಳೂದು ಬ್ಯಾರೆ, ಒಂದs ಮಾಡೂದು ಬ್ಯಾರೆ. ಹುಬ್ಬಳ್ಳಿ ಧಾರವಾಡ ಎರಡೂ ಊರು 1962ರಾಗ ಒಂದು ಪಾಲಿಕೆ ಆದ್ವು. ಅರವತ್ತು ವರ್ಷ ಧಾರವಾಡದ ಮಂದಿ ಮನಸ್ಸಿನ್ಯಾಗ ಇದ್ದ ಮಾತು ಒಂದ, ರೊಕ್ಕ ಎಲ್ಲಾ ಹುಬ್ಬಳ್ಳಿಗೆ ಹೊಂಟದ ಅಂತ. ಹೋರಾಟ ಆತು, ಕಡೀಕ 2025ರ ಜನವರ್ಯಾಗ ಧಾರವಾಡಕ್ಕ ಬ್ಯಾರೆ ಪಾಲಿಕೆ ಮಾಡ್ಲಿಕ್ಕೆ ಸಂಪುಟ ಒಪ್ಪಿತು. ನಾನೂ ಅದಕ್ಕ ಸಹಿ ಹಾಕಿದಾವ.

ಆದ್ರ ಪಾಲಿಕೆ ಎರಡಾದ್ರೂ ಚಿಗರಿ ಬಸ್ಸು ಎರಡು ಆಗ್ಲಿಕ್ಕೆ ಬರ್ತದೇನ್ರಿ? ಮುಂಜಾನೆ ಇಲ್ಲಿಂದ ಹುಬ್ಬಳ್ಳಿಗೆ ಕಾಲೇಜಿಗೆ, ಕೋರ್ಟಿಗೆ, ಕಿಮ್ಸ್ ಆಸ್ಪತ್ರಿಗೆ ಹೋಗಾವ್ರು ಅದರಾಗs ಹೋಗ್ತಾರ. ನೀರು, ಬಸ್ಸು, ಕಸ ಇವೆಲ್ಲಾ ಮುಂದೂ ಕೂಡೇ ನಡೀಬೇಕು. ಅಂದ್ರ ನಮಗ ಬೇಕಾಗಿದ್ದು ನಮ್ಮ ತೀರ್ಮಾನ ನಮ್ಮ ಕೈಯಾಗ ಇರೂದು. ನಿಮ್ಮ ಐದು ಪಂಚಾಯತಿಗೂ ಅಷ್ಟs. ಒಬ್ಬರು ದೊಡ್ಡಣ್ಣ ಆಗಿ ಕೂತು ಉಳಿದಾವ್ರು ಬರೇ ರೊಕ್ಕ ಕೊಡಾವ್ರು ಆದ್ರ ಹತ್ತು ವರ್ಷಕ್ಕ ಒಡೀತದ. ಲೆಕ್ಕ ತಿಂಗಳಾ ತಿಂಗಳಾ ಐದೂ ಪಂಚಾಯತಿ ಬೋರ್ಡಿನ ಮ್ಯಾಲೆ ಹಚ್ಚರಿ, ಯಾರು ಎಷ್ಟು ಕಸ ಕಳಿಸಿದ್ರು, ಯಾರು ಎಷ್ಟು ಕೊಟ್ರು, ಎಷ್ಟು ಮಾರಾಟ ಆತು.

ಸಂಜೀವಿನಿ ಒಕ್ಕೂಟ, ಬಂಟ್ವಾಳ

ಇಷ್ಟು ಜನ ಬರೆದಿದ್ದೀರಿ, ಕಸ ಎತ್ತುವವರ ಬಗ್ಗೆ ಒಂದೆರಡು ಮಾತು ನಾನು ಬರೀತೇನೆ. ನಾನು ನಮ್ಮ ಪಂಚಾಯತ್‌ನ ಕಸದ ಗಾಡಿ ಸ್ವಚ್ಛ ವಾಹಿನಿ ಓಡಿಸುವವಳು. ಡ್ರೈವಿಂಗ್ ತರಬೇತಿ ನಮ್ಮ ಹೆಂಗಸರ ಸ್ವಸಹಾಯ ಸಂಘಗಳ ಒಕ್ಕೂಟದಿಂದಲೇ ಆದದ್ದು, ಲೈಸೆನ್ಸ್ ಕೈಗೆ ಬಂದ ದಿನ ಅಮ್ಮ ಪಾಯಸ ಮಾಡಿದ್ದರು.

ನಮಗೆ ಅತಿ ಕಷ್ಟ ಆಗುವುದು ಯಾವುದು ಗೊತ್ತುಂಟಾ, ಪ್ಯಾಡ್ ಮತ್ತು ಮಕ್ಕಳ ಡೈಪರ್. ಒಣಕಸದ ಚೀಲದ ನಡುವೆ ಸುತ್ತಿ ಹಾಕ್ತಾರೆ. ಬೆಲ್ಟಿನಲ್ಲಿ ಅದು ಬಿಚ್ಚಿಕೊಂಡಾಗ ಆರಿಸುವವಳ ಕೈಗೆ ಬರ್ತದೆ. ಒಡೆದ ಗಾಜು, ಇಂಜೆಕ್ಷನ್ ಸೂಜಿ ಕೂಡ. ನೀವು ಐದು ಪಂಚಾಯತ್ ಸೇರಿದ್ರೆ ಐದು ಊರಿನದ್ದು ಒಂದೇ ಕಡೆ ಬರ್ತದೆ, ಅಲ್ಲಿ ನಿಂತ ನಾಲ್ಕು ಹೆಂಗಸರ ಕೈಗೆ ಐದು ಪಾಲು. ಗ್ಲೌಸ್, ಬೂಟು, ಸಾಬೂನು, ಕೈಕಾಲು ತೊಳೆಯುವ ನೀರು, ಬಟ್ಟೆ ಬದಲಾಯಿಸುವ ಕೋಣೆ, ಟಿಟಿ ಇಂಜೆಕ್ಷನ್, ಇದೆಲ್ಲ "ಆಮೇಲೆ ನೋಡುವ" ಅಂತ ಬಿಡಬೇಡಿ, ಮೊದಲ ಬಿಲ್ಲಿನಲ್ಲೇ ಇರಲಿ.

ಮತ್ತೆ ಸಂಬಳ. ಐದು ಪಂಚಾಯತ್ ಪಾಲು ಬಂದ ಮೇಲೆ ಸಂಬಳ ಅಂತ ಮಾಡಬೇಡಿ. ಒಬ್ಬರ ಚೆಕ್ ತಡ ಆದ್ರೆ ನಮ್ಮ ಮನೆಯ ಅಕ್ಕಿಯೂ ತಡ. ಪಿಡಿಒ ಸರ್ ಹೇಳಿದ ಆ ಮೂರು ತಿಂಗಳ ಮುಂಗಡ ಉಂಟಲ್ಲ, ಅದರ ಮೊದಲ ಹಕ್ಕು ಸಂಬಳಕ್ಕೆ ಅಂತ ಬರೆಸಿ. ಬೇರೆ ಬೇರೆ ಪಂಚಾಯತ್‌ನ ಒಕ್ಕೂಟದ ಹೆಂಗಸರು ಒಂದೇ ಘಟಕದಲ್ಲಿ ಕೆಲಸ ಮಾಡುವಾಗ ಒಬ್ಬಳಿಗೆ ಒಂದು ರೇಟು ಇನ್ನೊಬ್ಬಳಿಗೆ ಇನ್ನೊಂದು ರೇಟು ಆಗಬಾರದು, ಅದರಷ್ಟು ನೋವು ಬೇರೆ ಇಲ್ಲ.

ತುಂಗಾ ತೀರದ ಸದಸ್ಯೆ

ಅಕ್ಕ, ಖಂಡಿತ ಬರೆಸ್ತೀನಿ. ನಮ್ಮ ಕಡೆಯಿಂದ ಮೂರು ಜನ ಬಂದು ನಿಮ್ಮ ಜೊತೆ ಒಂದು ದಿನ ಗಾಡೀಲಿ ಓಡಾಡಬಹುದಾ? ಬರೀ ಘಟಕ ನೋಡಿದ್ರೆ ಇದೆಲ್ಲ ಕಾಣಲ್ಲ.

ಸಂಜೀವಿನಿ ಒಕ್ಕೂಟ, ಬಂಟ್ವಾಳ

ಬನ್ನಿ ಬನ್ನಿ, ಬೆಳಿಗ್ಗೆ ಏಳಕ್ಕೇ ಹೊರಡುದು. ಊಟಕ್ಕೆ ನಮ್ಮಲ್ಲಿಗೇ ಬರಬೇಕು.

ರೆಡಿಂಗ್ ಕನ್ನಡಿಗ

ನಾನು ಹದಿಮೂರು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್ ಪಕ್ಕದ ವೋಕಿಂಗ್‌ಹ್ಯಾಮ್‌ನಲ್ಲಿದೀನಿ, ಮೂಲ ಅರಸೀಕೆರೆ. ಇಲ್ಲಿ ರೆಡಿಂಗ್, ವೋಕಿಂಗ್‌ಹ್ಯಾಮ್, ಬ್ರ್ಯಾಕ್ನೆಲ್ ಫಾರೆಸ್ಟ್ ಅಂತ ಮೂರು ಕೌನ್ಸಿಲ್ ಸೇರಿ ರೀ3 ಅಂತ ಒಂದು ವ್ಯವಸ್ಥೆ ಮಾಡ್ಕೊಂಡಿದಾರೆ. 2006ರಲ್ಲಿ 25 ವರ್ಷದ ಒಂದೇ ಗುತ್ತಿಗೆ. ಮನೆ ಮುಂದಿನ ಬಿನ್ ಎತ್ತೋದು ಮಾತ್ರ ಅವರವರ ಕೌನ್ಸಿಲ್, ಎತ್ತಿದ ಮೇಲಿನ ವಿಂಗಡಣೆ ವಿಲೇವಾರಿ ಎಲ್ಲ ಜಂಟಿ. ತುಂಗಾ ತೀರದ ಮೇಡಂ ಬರೆದಿರೋದೂ ಇದೇ ಯೋಚನೆ, ಓದಿ ಖುಷಿ ಆಯ್ತು. ಮೂರೂ ಕೌನ್ಸಿಲಿನ ಚುನಾಯಿತ ಸದಸ್ಯರ ಒಂದು ಜಂಟಿ ಮಂಡಳಿ ಇದೆ, ಅದರ ಸಭೆ ನಡಾವಳಿ ಯಾರು ಬೇಕಾದ್ರೂ ಓದಬಹುದು.

ಪಾಲು ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೂ ಇಲ್ಲೊಂದು ಉದಾಹರಣೆ ಇದೆ. ಪಕ್ಕದ ವೆಸ್ಟ್ ಬರ್ಕ್‌ಷೈರ್ ಕೌನ್ಸಿಲ್ ಈ ಮೂರರಲ್ಲಿ ಇಲ್ಲ, ಆದ್ರೆ ದುಡ್ಡು ಕೊಟ್ಟು ತನ್ನ ಜನಕ್ಕೆ ಇಲ್ಲಿನ ರೀಸೈಕ್ಲಿಂಗ್ ಸೆಂಟರ್ ಬಳಸೋ ಅವಕಾಶ ಇಟ್ಕೊಂಡಿತ್ತು. 2016ರಲ್ಲಿ ಆ ಏರ್ಪಾಡು ನಿಂತಾಗ ಇಲ್ಲಿ ಪರ್ಮಿಟ್ ಸ್ಟಿಕ್ಕರ್ ಬಂತು, ಗೇಟಲ್ಲಿ ಅದು ನೋಡಿ ಬಿಡೋದು. ಎರಡು ಮೈಲಿ ಆಚೆ ಇರೋ ನನ್ನ ಗೆಳೆಯ ತನ್ನ ಹಳೇ ಸೋಫಾ ಕಾರಲ್ಲಿ ಹಾಕ್ಕೊಂಡು ದೂರದ ಊರಿಗೆ ಹೋಗ್ಬೇಕಾಯ್ತು. ಜನಕ್ಕೆ ಗಡಿ ಕಾಣಲ್ಲ, ಗೇಟ್ ಮುಚ್ಚಿದ್ದು ಮಾತ್ರ ಕಾಣುತ್ತೆ. ಪಿಡಿಒ ಸರ್ ಹೇಳಿದ ಆ ಷರತ್ತು ಬೇಕೇ ಬೇಕು, ಆದ್ರೆ ಕಸ ನಿಲ್ಲಿಸೋಕೆ ಮುಂಚೆ ಮನೆಯವರಿಗೆ ತಿಂಗಳು ಮೊದಲು ತಿಳಿಸ್ಬೇಕು ಅನ್ನೋದನ್ನೂ ಸೇರಿಸಿ.

ಬೆಳ್ತಂಗಡಿ

ಕಸದ್ದು ಗಟ್ಟಿ ಆದ ಮೇಲೆ ಶೌಚಾಲಯದ ಗುಂಡಿಯದ್ದೂ ಯೋಚನೆ ಮಾಡಿ. ನಮ್ಮ ಉಜಿರೆಯಲ್ಲಿ ಮಲತ್ಯಾಜ್ಯ ಸಂಸ್ಕರಣೆ ಘಟಕ ಉಂಟು. ದೇವನಹಳ್ಳಿಯಲ್ಲಿ 2015ರಲ್ಲೇ ಪುರಸಭೆ ಮಟ್ಟದಲ್ಲಿ ಆಗಿತ್ತು, ದೇಶಕ್ಕೇ ಮೊದಲನೆಯದ್ದು ಅದು. ಪ್ರತಿ ಪಂಚಾಯತ್ ಗುಂಡಿ ಖಾಲಿ ಮಾಡುವ ಒಂದೊಂದು ಸಕ್ಕಿಂಗ್ ಗಾಡಿ ತಗೊಳ್ಳುದು ಅಂದ್ರೆ ಆಗದ ಮಾತು. ಒಂದು ಗಾಡಿ ತಿಂಗಳಿಡೀ ಸುತ್ತಿದ್ರೆ ಐದಾರು ಪಂಚಾಯತ್‌ಗೆ ಸಾಕು. ಈಗ ಖಾಸಗಿ ಟ್ಯಾಂಕರಿನವ ರಾತ್ರಿ ಎಲ್ಲಿ ಬಿಟ್ಟು ಬರ್ತಾನೆ ಅಂತ ಹೊಳೆ ಬದಿಯವರಿಗೆ ಗೊತ್ತು.

ನಿವೃತ್ತ ಪಿಡಿಒ, ಹಾಸನ

ಪಾಲಿನ ಲೆಕ್ಕ ಕೇಳಿದ್ರಿ ಮೇಡಂ. ಬರೀ ತೂಕದ ಮೇಲೆ ಹಾಕಿದ್ರೆ ಒಂದು ತೊಂದ್ರೆ ಇದೆ, ಹೆಚ್ಚು ಕಸ ತಂದಷ್ಟೂ ಹೆಚ್ಚು ದುಡ್ಡು ಕಟ್ಬೇಕು ಅಂತ ಆದ್ರೆ ಪಂಚಾಯ್ತಿಯವರು ಕಸ ಎತ್ತೋದನ್ನೇ ಕಮ್ಮಿ ಮಾಡ್ತಾರೆ. ಬರೀ ಮನೆ ಲೆಕ್ಕ ಹಾಕಿದ್ರೆ ಪೇಟೆ ಇರೋ ಪಂಚಾಯ್ತಿ, ಹೋಟ್ಲು ಕಲ್ಯಾಣಮಂಟಪ ಇರೋ ಪಂಚಾಯ್ತಿ ಅಗ್ಗದಲ್ಲಿ ಪಾರಾಗುತ್ತೆ. ನನ್ನ ಅಭಿಪ್ರಾಯ, ಸಂಬಳ ಕರೆಂಟು ರಿಪೇರಿಯಂಥ ಕಾಯಂ ಖರ್ಚು ಮನೆ ಲೆಕ್ಕದಲ್ಲಿ, ಸಾಗಣೆ ಖರ್ಚು ಐದೂ ಪಂಚಾಯ್ತಿ ಸಮವಾಗಿ, ಅಂದ್ರೆ ಹೊಳೆಯಾಚೆಯವರಿಗೆ ದೂರದ ದಂಡ ಬೀಳಬಾರದು. ಹೋಟ್ಲು ಕಲ್ಯಾಣಮಂಟಪಕ್ಕೆ ಬೇರೆ ಶುಲ್ಕ. ಮಾರಾಟದಿಂದ ಬಂದ ದುಡ್ಡು ಮಾತ್ರ ತೂಕದ ಪ್ರಕಾರ ವಾಪಸು, ಆಗ ಚೆನ್ನಾಗಿ ವಿಂಗಡಿಸಿ ಕೊಟ್ಟವರಿಗೆ ಲಾಭ.

ಇನ್ನೊಂದು. ಇಂಥ ಐದು ಪಂಚಾಯ್ತಿ ಕೂರಿಸಿ ಮಾತಾಡಿಸೋ ಜಾಗ ತಾಲ್ಲೂಕು ಪಂಚಾಯ್ತಿ ಆಗ್ಬೇಕಿತ್ತು. ತಾಲ್ಲೂಕು ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲಿ ಮುಗಿದಿದ್ದು, ಇನ್ನೂ ಚುನಾವಣೆ ಆಗಿಲ್ಲ. ಅಧಿಕಾರಿಗಳೇ ನಡೆಸ್ತಿದಾರೆ. ಹಿಂದೆ ಒಬ್ಬ ತಾಲ್ಲೂಕು ಪಂಚಾಯ್ತಿ ಸದಸ್ಯ ಅಂದ್ರೆ ಎರಡು ಮೂರು ಪಂಚಾಯ್ತಿ ಅವನ ಕ್ಷೇತ್ರದಲ್ಲಿ ಇರ್ತಿತ್ತು, ಗಡಿ ಜಗಳ ಅವನ ಜಗುಲಿ ಮೇಲೇ ಮುಗೀತಿತ್ತು. ಆ ಕೊಂಡಿ ಈಗ ಇಲ್ಲ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಹಂಗಾಗಿ ನಿಮ್ಮದೇ ಒಂದು ಸಮಿತಿ ಬೇಕು, ಪ್ರತಿ ಪಂಚಾಯ್ತಿಯಿಂದ ಒಬ್ಬ ಸದಸ್ಯ, ಒಬ್ರು ಒಕ್ಕೂಟದವರು.

ತುಂಗಾ ತೀರದ ಸದಸ್ಯೆ

ಮೂರು ವಾರ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ನಿಟ್ಟೆಗೆ ಹೋಗಿ ಬಂದ್ವಿ, ಜೀಪಲ್ಲಿ ಅಲ್ಲ, ಎರಡು ಟೆಂಪೋ ಟ್ರಾವೆಲರ್ ಮಾಡ್ಕೊಂಡು 26 ಜನ. ಘಟಕ ಮಾಡೋಣ ಅಂದಿದ್ದ ಊರಿಂದ ಹನ್ನೊಂದು ಜನ ಬಂದಿದ್ರು, ಅದರಲ್ಲಿ ಗ್ರಾಮಸಭೇಲಿ ಎಲ್ಲರಿಗಿಂತ ಜೋರಾಗಿ ವಿರೋಧ ಮಾಡಿದ್ದ ಹಿರಿಯರೂ ಇದ್ರು. ಅವರು ಅಲ್ಲಿ ಬಾವಿ ಎಲ್ಲಿದೆ ಅಂತ ಕೇಳ್ಕೊಂಡು ಹೋಗಿ ಪಕ್ಕದ ಮನೆಯವರ ಹತ್ರ ಅರ್ಧ ಗಂಟೆ ಮಾತಾಡ್ಕೊಂಡು ಬಂದ್ರು. ವಾಪಸು ಬರೋವಾಗ ಹೇಳಿದ್ದು ಒಂದೇ ಮಾತು, "ಹಸಿ ಚೀಲ ಒಂದು ಬಂದ್ರೂ ನಾನೇ ಗೇಟ್ ಹಾಕ್ತೀನಿ." ಸಮಿತೀಲಿ ಅವರನ್ನೇ ಹಾಕಿದೀವಿ.

ಬಂಟ್ವಾಳದ ಅಕ್ಕನ ಜೊತೆ ನಮ್ಮ ಒಕ್ಕೂಟದ ಮೂವರು ಒಂದು ದಿನ ಪೂರ್ತಿ ಗಾಡೀಲಿ ಓಡಾಡಿದ್ರು. ಬಂದವರೇ ಕೇಳಿದ್ದು ಪ್ಯಾಡ್‌ಗೆ ಬೇರೆ ಚೀಲ, ಕೆಂಪು ಗುರುತು ಹಾಕಿದ್ದು. ಅದು ಸೋಮವಾರದಿಂದಾನೇ ಶುರು ಆಗಿದೆ, ಒಡಂಬಡಿಕೆಗೆ ಕಾಯ್ಲಿಲ್ಲ.

ಐದರಲ್ಲಿ ಮೂರು ಪಂಚಾಯತಿ ಠರಾವು ಮಾಡಿದಾವೆ, ಒಂದೇ ಒಕ್ಕಣೆ. ಹೊಳೆಯಾಚೆಯವರು ನಾಲ್ಕನೇಯವರು, ಸಾಗಣೆ ಖರ್ಚು ಸಮ ಅಂದಿದ್ದಕ್ಕೆ ಒಪ್ಪಿದಾರೆ, ಮುಂದಿನ ಗುರುವಾರ ಅವರ ಸಭೆ. ಸೇತುವೆ ಮುಳುಗೋ ಎರಡು ತಿಂಗಳಿಗೆ ಅವರ ಗೋಡೌನಲ್ಲೇ ಎತ್ತರದ ಅಟ್ಟ ಹಾಕಿ ಇಟ್ಕೊಳೋದು, ಅಟ್ಟದ ಖರ್ಚು ಎಲ್ರದ್ದು. ಐದನೇ ಪಂಚಾಯತಿ ಇನ್ನೂ ಒಪ್ಪಿಲ್ಲ, ಪೇಟೆ ಇರೋದು ಅವರಲ್ಲೇ, ಕಲ್ಯಾಣಮಂಟಪದ ಶುಲ್ಕ ಅಂದ ತಕ್ಷಣ ಮೀಟಿಂಗ್ ಬಿಟ್ಟು ಎದ್ದರು. ಅವರಿಗೆ ಜಾಗ ಬಿಟ್ಟೇ ನಾಲ್ಕು ಜನ ಸಹಿ ಹಾಕ್ತೀವಿ, ಬಂದಾಗ ಬರಲಿ.

ಕೊಪ್ಪಳದ ಅಣ್ಣ, ದೂರಿಗೆ ಒಂದೇ ನಂಬರು ಮಾಡಿದೀವಿ, ನಾಲ್ಕೂ ಪಂಚಾಯತಿ ಗಾಡಿ ಮೇಲೆ ಅದೇ ನಂಬರು. ಎತ್ತೋರು ಘಟಕದ ಮೇಲ್ವಿಚಾರಕಿ, ಎರಡು ದಿನದಲ್ಲಿ ಆಗದೇ ಇದ್ರೆ ಸಮಿತಿ ಮುಂದೆ ಬರುತ್ತೆ, ಪುಸ್ತಕದಲ್ಲಿ ಬರೆದಿಡ್ತೀವಿ.

ಒಂದು ಸಹಾಯ ಬೇಕು. ತೂಕದ ಯಂತ್ರ ಒಂದು ಟನ್ ವರೆಗಿನದ್ದು, ಅಡಿಕೆ ಮಂಡಿಯವರ ಹಳೇದು ಆದ್ರೂ ಪರವಾಗಿಲ್ಲ, ಮುದ್ರೆ ಹಾಕಿಸ್ಕೊಂಡು ಬಳಸ್ತೀವಿ. ಯಾರಿಗಾದ್ರೂ ಗೊತ್ತಾ?

ಹೊಸನಗರ ಹುಡುಗ

ಅಕ್ಕ, ನಮ್ಮ ಮಾವನ ಮಂಡೀಲಿ ಒಂದಿದೆ, ಈಗ ಹೊಸದು ತಗೊಂಡಿರೋದ್ರಿಂದ ಅದು ಮೂಲೇಲಿ ಕೂತಿದೆ. ನಾಳೆ ಕೇಳಿ ಹೇಳ್ತೀನಿ. ನಮ್ಮ ಪಂಚಾಯತಿ ಪಿಡಿಒಗೂ ನಿಮ್ಮ ಠರಾವಿನ ಒಕ್ಕಣೆ ತೋರಿಸ್ಬೇಕು, ಒಂದು ಫೋಟೋ ತೆಗೆದು ಹಾಕ್ತೀರಾ?